ದಿನಾ ಸಾಯುವ ರಕ್ಕಸ

ರಕ್ಕಸ ಬೀಳಲು ಇನ್ನೂ ಎರಡು ನಿಮಿಷವಿತ್ತು. ರುದ್ರೇಶ ಒಂದು ಕೈಯಲ್ಲಿ ಮಿಂಚು ಎಸೆಯುತ್ತಲೇ ಇನ್ನೊಂದು ಕೈಯಿಂದ ಹಣೆಗೆ ವಿಭೂತಿ ಬಳಿದುಕೊಂಡ. ವಿಭೂತಿಯ ಗಟ್ಟಿಗೆ ಗೆಳೆಯ ಫಕ್ಕೀರೇಶನ ಮೊಬೈಲ್ ರಿಪೇರಿ ಅಂಗಡಿಯಲ್ಲಿ, ಸ್ಕ್ರೂಡ್ರೈವರುಗಳ ಪಕ್ಕ, ಕಾಯಂ ಜಾಗವಿತ್ತು.

"ಇವತ್ತ ಮಠದಾಗ ಏನ್ ಹೇಳಿದ್ರಂತ?" ಫಕ್ಕೀರೇಶ ಕೇಳಿದ.

"ದಾರ್ಯಾಗ ವಿಚಾರ ಮಾಡ್ತೇನಿ."

"ಲೇ, ನಿಮ್ಮವ್ವಗ ಗೊತ್ತಾದ್ರ?"

"ಅಕಿ ನನ್ನ ನಂಬ್ಯಾಳೋ. ಅದ ತ್ರಾಸ."

ಹೋದ ಶ್ರಾವಣದಲ್ಲಿ ರುದ್ರೇಶ ಬೈಕಿನಿಂದ ಬಿದ್ದು ಹನ್ನೊಂದು ದಿನ ಎಚ್ಚರವಿಲ್ಲದೆ ಮಲಗಿದ್ದ. ಅವ್ವ ಶಿವಬಸವ್ವ ಹರಕೆ ಹೊತ್ತಳು: ಮಗ ಎದ್ದರೆ ಮುಂದಿನ ಶ್ರಾವಣದಲ್ಲಿ ನಮ್ಮೂರು ತಿಳವಳ್ಳಿಯ ಮಠದ ಪುರಾಣವನ್ನು ಮೊದಲ ದಿನದಿಂದ ಮಂಗಲದವರೆಗೆ ಒಂದು ದಿನವೂ ತಪ್ಪದೆ ಕೇಳುತ್ತೇನೆ. ಮಗ ಎದ್ದ. ಶ್ರಾವಣ ಬರುವಷ್ಟರಲ್ಲಿ ಅವಳ ಮೊಣಕಾಲು ಕೈಕೊಟ್ಟವು. ಕೊನೆಗೆ ತಾಯಿ ಮಗನಲ್ಲಿ ಒಪ್ಪಂದವಾಯಿತು. ಅವನು ಕೇಳಿ ಬಂದು ಮನೆಯಲ್ಲಿ ಹೇಳಬೇಕು. ಮಗನ ಬಾಯಿಂದ ಕೇಳಿದರೂ ಕೇಳಿದಂತೆಯೇ.

ಮಗನಿಗೆ ಹಾಸಿಗೆ ಹಿಡಿದ ತಿಂಗಳುಗಳಲ್ಲಿ ಬೇರೊಂದು ಭಕ್ತಿ ಅಂಟಿಕೊಂಡಿತ್ತು. 'ವೀರಲೋಕ' ಅಂತ ಒಂದು ಆನ್‌ಲೈನ್ ಆಟ. ಯಾವ್ಯಾವುದೋ ಊರಿನವರು ತಂಡ ಕಟ್ಟಿ, ಮಹಾವೀರರಾಗಿ ಲೋಕ ಉಳಿಸುವುದು. ಹಾನಗಲ್ಲಿನ ಬೀಜದಂಗಡಿಯಲ್ಲಿ ಅವನ ಕೆಲಸ ಮುಗಿಯುತ್ತಿದ್ದುದು ಐದಕ್ಕೆ. ಪುರಾಣ ಆರೂವರೆಗೆ. ತಂಡದ ಕಾಳಗವೂ ಆರೂವರೆಗೆ. ಮೊದಲ ದಿನವೇ ಅವನು ಹಾನಗಲ್ಲಿನಲ್ಲೇ, ಫಕ್ಕೀರೇಶನ ಅಂಗಡಿಯಲ್ಲಿ, ಲೋಕ ಉಳಿಸಲು ಕುಳಿತುಬಿಟ್ಟ.

ಆ ಸಂಜೆ ಅವ್ವ ಕೈಮುಗಿದು ಎದುರಿಗೆ ಕುಳಿತಾಗ ಬಾಯಿಗೆ ಬಂದದ್ದು ಆಟದ ಕಥೆಯೇ. ಉಕ್ಕಿನ ಮುಖವಾಡದ ವಿಜ್ಞಾನಿ ಉಕ್ಕಾಸುರನಾದ. ಜೆಟ್ ವಿಮಾನ ಗರುಡವಾಯಿತು. ಪ್ರಯೋಗಾಲಯ ತಪೋವನ.

"ಮಂದಿ ಭಾಳ ಇತ್ತೇನೋ?" ಅವ್ವ ಕೇಳಿದಳು.

"ಕುಂದರಾಕ ಜಾಗ ಇರಲಿಲ್ಲವ್ವ."

"ಶಾಸ್ತ್ರಿಗಳ ದನಿ?"

"ಗಂಟಿ ಬಾರಿಸಿದಂಗ."

ಮಗ್ಗುಲ ಮನೆಯ ಹುಚ್ಚವ್ವ ಅಲ್ಲೇ ಕುಳಿತಿದ್ದಳು. ನಲವತ್ತು ವರ್ಷ ಒಂದು ಪುರಾಣವನ್ನೂ ತಪ್ಪಿಸದವಳು. ಸಿಕ್ಕಿಬಿದ್ದೆ ಎಂದುಕೊಂಡ ರುದ್ರೇಶ. ಆದರೆ ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ತಲೆಯಾಡಿಸಿದಳು, ಅಷ್ಟೆ. ಈಕೆ ನಲವತ್ತು ವರ್ಷವೂ ಮಠದಲ್ಲಿ ತೂಕಡಿಸಿದ್ದಾಳೆ ಎಂದು ಅವನು ತೀರ್ಮಾನಿಸಿದ. ಮೊದಲ ದಿನದಿಂದಲೇ ಅವನು ಮಠದ ಓಣಿ ಬಿಟ್ಟು, ಕೆರೆಯ ದಾರಿಯಿಂದ ಮನೆ ಸೇರುತ್ತಿದ್ದ. ಸ್ವಾಮಿಗಳ ಕಣ್ಣಿಗೆ ಬೀಳುವ ಧೈರ್ಯ ಅವನಿಗಿರಲಿಲ್ಲ.

ಇಪ್ಪತ್ತು ದಿನ ಕಥೆ ಸಲೀಸಾಗಿ ಹರಿಯಿತು. ಇಪ್ಪತ್ತೊಂದನೇ ದಿನ ಅವನು ಆಟದ ಕೊನೆಯ, ಅರವತ್ತನೇ ಹಂತ ಮುಟ್ಟಿದ. ಅಲ್ಲಿಗೆ ಕಥೆ ಮುಗಿಯಿತು, ಆಟ ಮುಗಿಯಲಿಲ್ಲ. ಇನ್ನು ದಿನಾ ಅದೇ ರಕ್ಕಸನನ್ನು ಅದೇ ಕೋಟೆಯಲ್ಲಿ ಕೊಲ್ಲುವುದಷ್ಟೇ ಕೆಲಸ. ಆಟಗಾರರ ವೇದಿಕೆಯಲ್ಲಿ ಇದಕ್ಕೇ ಜಗಳ. ಅರ್ಧ ಮಂದಿಗೆ ಕಾಳಗ ಸಾಕು, ಕಥೆ ಯಾರಿಗೆ ಬೇಕು. ಇನ್ನರ್ಧ ಮಂದಿಗೆ, ಕಥೆ ಇಲ್ಲದೆ ಯಾಕೆ ಬಡಿದಾಡುವುದು.

ಶಿವಬಸವ್ವ ಎರಡನೇ ಪಕ್ಷದವಳು.

"ನಿನ್ನೆ ಸತ್ತ ರಕ್ಕಸ ಇವತ್ತ ಹೆಂಗ ಎದ್ದ?"

"ವರ ಐತವ್ವ ಅವಗ."

"ಯಾರ ಕೊಟ್ರು? ಯಾಕ ಕೊಟ್ರು? ಬರೇ ಕೊಂದಿದ್ದ ಹೇಳ್ತಿ. ಕೊಂದ ಮ್ಯಾಲ ಊರ ಮಂದಿ ಸುಖದಿಂದ ಇದ್ರೋ ಇಲ್ಲೋ? ರಕ್ಕಸಗ ಅವ್ವ ಇದ್ದಿಲ್ಲೇನು? ಅಕಿ ಅಳಲಿಲ್ಲೇನು?"

ರುದ್ರೇಶ ಇದನ್ನು ಅಕ್ಷರ ಬಿಡದೆ ವೇದಿಕೆಯಲ್ಲಿ ಹಾಕಿದ. ಒಂದೇ ದಿನಕ್ಕೆ ಒಂಬತ್ತು ಸಾವಿರ ಜನ ಮೆಚ್ಚಿದರು. 'ನಿಮ್ಮ ಅಭಿಪ್ರಾಯವನ್ನು ಗಮನಿಸಲಾಗಿದೆ' ಎಂದು ಕಂಪನಿ ಪುರಸಭೆಯ ಗತ್ತಿನಲ್ಲಿ ಉತ್ತರಿಸಿತು. ಮೆಚ್ಚುಗೆ ಏರಿದಷ್ಟೂ ರುದ್ರೇಶನಿಗೆ ಉಣ್ಣುವಾಗ ಅವ್ವನ ಮುಖ ನೋಡಲಾಗದಾಯಿತು. ತನ್ನ ಜೀವಕ್ಕಾಗಿ ಹೊತ್ತ ಹರಕೆ. ಅದರ ಮೇಲೆ ಕುಳಿತು ತಾನು ಹೆಸರು ಗಳಿಸುತ್ತಿದ್ದಾನೆ.

ಮಿಂಚು ಎಸೆಯುತ್ತಲೇ ವಿಭೂತಿ ಬಳಿದುಕೊಂಡ ಆ ಸಂಜೆ ಮನೆಗೆ ಹೋದಾಗ ಅವ್ವ ಹೇಳಿದಳು: "ನಾಳೆ ಮಂಗಲ. ಮಠದ ಹುಗ್ಗಿ ತರೂದ ಮರೀಬ್ಯಾಡ, ಪ್ರಸಾದ."

ಮರುದಿನ ಫಕ್ಕೀರೇಶನ ಬಳಿ ಉಪಾಯ ಸಿದ್ಧವಿತ್ತು. "ಖಾನಾವಳ್ಯಾಗ ಹುಗ್ಗಿ ಮಾಡ್ಯಾರ. ಡಬ್ಬಿ ತುಂಬಿಸ್ಕೊಂಡ ಹೋಗು. ಗೋಧಿ ಅದ, ಬೆಲ್ಲ ಅದ. ದೇವ್ರಿಗೆ ಏನ್ ಗೊತ್ತಾಕ್ಕೈತಿ?"

ದೇವರಿಗೆ ಗೊತ್ತಾಗದಿರುವುದು ಹೇಗೆ ಎಂಬ ಪ್ರಶ್ನೆ ರುದ್ರೇಶನಿಗೆ ತಿಳವಳ್ಳಿಯ ಕೆರೆ ಏರಿಯ ಮೇಲೆ ಹೊಳೆಯಿತು. ಸುಳ್ಳು ಪುರಾಣ ಹೇಳಿದ್ದಾಗಿತ್ತು. ಸುಳ್ಳು ಪ್ರಸಾದ ಕೊಡಲು ಮಾತ್ರ ಕೈ ಬರಲಿಲ್ಲ. ಮನೆಗೆ ಬಂದವನೇ ಡಬ್ಬಿಯನ್ನು ಅವ್ವನ ಮುಂದಿಟ್ಟು ಕಾಲು ಹಿಡಿದ.

"ಇದು ಪ್ರಸಾದ ಅಲ್ಲವ್ವ, ಖಾನಾವಳಿದು. ನಾ ಒಂದ ದಿನಾನೂ ಮಠಕ್ಕ ಹೋಗಿಲ್ಲ. ಹೇಳಿದ್ದೆಲ್ಲಾ ಮೊಬೈಲ್ ಆಟದ ಕಥಿ. ನಿನ್ನ ಹರಕಿ ನಾನ ಕೆಡಿಸಿದೆ."

ಹುಚ್ಚವ್ವ ದಡಬಡಿಸಿ ಎದ್ದು ಹೊರಗೆ ಹೋದಳು. ಅವಳ ಭುಜಗಳು ನಡುಗುತ್ತಿದ್ದವು. ಮುದುಕಿಯನ್ನೂ ಅಳಿಸಿದೆನಲ್ಲ ಎಂದು ರುದ್ರೇಶನಿಗೆ ಇನ್ನಷ್ಟು ಸಂಕಟವಾಯಿತು.

ಶಿವಬಸವ್ವ ಡಬ್ಬಿ ತೆರೆದು ಬೆರಳಲ್ಲಿ ಹುಗ್ಗಿ ನೆಕ್ಕಿದಳು. "ಬೆಲ್ಲ ಕಡಿಮಿ ಆಗೇತಿ."

"ಬೈಯವ್ವ ನನಗ."

"ಯಾಕ ಬೈಲಿ? ಬಿದ್ದ ಎದ್ದಾಗಿಂದ ನೀ ನನ್ನ ಕೂಡ ನಾಕ ಮಾತ ಆಡಿರಲಿಲ್ಲ. ಈಗ ಒಂದ ತಿಂಗಳಿಂದ ದಿನಾ ಎದರಿಗೆ ಕುಂತ ಮಾತಾಡೀದಿ. ಹರಕಿ ಚಿಂತಿ ಬಿಡು. ಬರೂ ಶ್ರಾವಣಕ್ಕ ತೀರಸ್ತೇನಂತ ಸ್ವಾಮಿಗೋಳಿಗೆ ಅವತ್ತ ಹೇಳಿ ಕಳಿಸೇನಿ."

"ಅವತ್ತ ಅಂದ್ರ ಯಾವತ್ತ?"

"ಮೊದಲನೇ ದಿನ. ಶಾಸ್ತ್ರಿಗಳು ದವಾಖಾನಿ ಸೇರ್ಯಾರ, ಈ ವರ್ಷ ಪುರಾಣಾನ ಇಲ್ಲಂತ ಮಠದವರು ಊರಾಗ ಡಂಗುರ ಹೊಡಿಸಿದ್ರಲ್ಲ, ಅವತ್ತ."