ನೆಟ್ಟಗಾದ ಹೂಜಿ

ಈ ವಾರವೂ ಟೈಲರಮ್ಮನ ಹೂಜಿ ತಾನಾಗಿಯೇ ನೆಟ್ಟಗಾಗಿತ್ತು. ಶನಿವಾರ ಹಸಿ ಹೂಜಿಯನ್ನು ಕುಂಬಾರಿಕೆ ಕಲಿಸುವ ಸ್ಟುಡಿಯೋದ ಕಪಾಟಿನಲ್ಲಿಟ್ಟು ಹೋಗುವಾಗ ಅದು ಎಡಕ್ಕೆ ವಾಲಿತ್ತು, ಒಂದು ಕಡೆ ಹೊಟ್ಟೆ ಬಿಟ್ಟಿತ್ತು, ಮೂತಿ ಸೊಟ್ಟ ಮಾಡಿಕೊಂಡು ಯಾರನ್ನೋ ಅಣಕಿಸುತ್ತಿತ್ತು. ಬುಧವಾರ ಪ್ಲಾಸ್ಟಿಕ್ ಹೊದಿಕೆ ತೆಗೆದರೆ, ಪ್ರಾರ್ಥನೆಗೆ ನಿಂತ ಶಾಲೆಯ ಹುಡುಗನ ಹಾಗೆ ನೆಟ್ಟಗೆ ನಿಂತಿದೆ! ಇದು ಮೂರನೆಯ ಸಲ.

"ಯಾರ್ರೀ ನನ್ನ ಹೂಜಿಗೆ ಕೈ ಹಾಕಿದ್ದು?"

ತಿರುಗುತ್ತಿದ್ದ ಚಕ್ರಗಳೆಲ್ಲ ಒಮ್ಮೆಲೇ ನಿಂತವು. ರಿಟೈರಾದ ಬ್ಯಾಂಕ್ ಮ್ಯಾನೇಜರರು ಕೆಮ್ಮಿದರು. "ನಾನು ಬಾಯಿ ಒಂಚೂರು ಸಮ ಮಾಡ್ದೆ, ಅಷ್ಟೇ. ಹಾಗೇ ಬಿಟ್ಟು ಹೋಗೋಕೆ ಮನಸ್ಸು ಬರ್ಲಿಲ್ಲ."

"ಹಿಡಿಕೆ ಸಡಿಲ ಇತ್ತು, ನಾನು ಬಿಗಿ ಮಾಡ್ದೆ," ಎಂದಳು ನರ್ಸಕ್ಕ. "ನಾಳೆ ಕಳಚಿ ಬಿದ್ರೆ ನೀವೇ ಅಳ್ತೀರಲ್ಲ."

"ಹೊಟ್ಟೆ ಒಳಗೆ ತಳ್ಳಿದ್ದು ನಾನೇ ಅಮ್ಮಾ," ಎಂದರು ಕಲಿಸುವ ಮೇಷ್ಟ್ರು, ಕೈಯ ಮಣ್ಣನ್ನು ಏಪ್ರನ್ನಿಗೆ ಒರೆಸುತ್ತಾ. "ಇಲ್ಲಿ ನಿಮ್ದು ನಮ್ದು ಅಂತ ಏನೂ ಇಲ್ಲ. ಭಟ್ಟಿ ಒಂದೇ, ಮಣ್ಣೂ ಒಂದೇ. ನಾವೆಲ್ಲ ಒಂದು ಕುಟುಂಬ."

"ಕುಟುಂಬ ಅಂತ ಮನೆಮಂದಿಯೆಲ್ಲ ಒಬ್ಬೊಬ್ಬರಾಗಿ ಬಂದು ಒಂದೇ ಪಾತ್ರೆಗೆ ಉಪ್ಪು ಹಾಕಿದ್ರೆ ಉಣ್ಣೋದು ಹೇಗೆ ಮೇಷ್ಟ್ರೇ?" ಎಂದರು ಟೈಲರಮ್ಮ.

ಎಲ್ಲರೂ ನಕ್ಕರು. ಟೈಲರಮ್ಮ ನಗಲಿಲ್ಲ. ಮೂವತ್ತು ವರ್ಷ ಕಂಡವರ ಅಳತೆಗೆ ಬಟ್ಟೆ ಹೊಲಿದ ಕೈ ಅವರದು. ಅರ್ಧ ಇಂಚು ಆಚೀಚೆಯಾದರೆ ಬೈಸಿಕೊಂಡು, ಬಿಚ್ಚಿ, ಮತ್ತೆ ಹೊಲಿದವರು. ಯಾರ ಅಳತೆಗೂ ಸಿಗದ ಒಂದೇ ಒಂದು ವಸ್ತು ಮಾಡಿ, ಸ್ಟುಡಿಯೋದ ಪ್ರದರ್ಶನದಲ್ಲಿ ಅದರ ಪಕ್ಕಕ್ಕೆ ತಮ್ಮ ಹೆಸರಿನ ಚೀಟಿ ಇಡಬೇಕೆಂಬ ಆಸೆಗೇ ಇಲ್ಲಿ ಸೇರಿದ್ದರು. ಪ್ರದರ್ಶನಕ್ಕೆ ಉಳಿದದ್ದು ಎರಡೇ ವಾರ. ಹೂಜಿ ಆಗಲೇ ಅರ್ಧ ಒಣಗಿತ್ತು. ಮತ್ತೆ ಸೊಟ್ಟ ಮಾಡಲು ಹೋದರೆ ಬಿರುಕು ಬಿಡುತ್ತಿತ್ತು.

ಎಲ್ಲರೂ ಟೀ ಕುಡಿಯಲು ಹೊರಗೆ ಹೋದಾಗ ಅವರು ಒಬ್ಬರೇ ಉಳಿದರು. ಎದುರಿನ ಹಲಗೆಯ ಮೇಲೆ ಮೇಷ್ಟ್ರ ದೊಡ್ಡ ಹೂದಾನಿ ನಿಂತಿತ್ತು. ಮೂರು ದಿನದ ಕೆಲಸ, ಕೂದಲೆಳೆಯಷ್ಟೂ ಓರೆಯಿಲ್ಲ, ಇನ್ನೂ ಹಸಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಟೈಲರಮ್ಮನಿಗೆ ದೊಣ್ಣೆಯೂ ಬೇಕಾಗಲಿಲ್ಲ, ನಿಮಿಷವೂ ಬೇಕಾಗಲಿಲ್ಲ. ಹೆಬ್ಬೆರಳನ್ನು ಹೂದಾನಿಯ ಹೊಟ್ಟೆಗೆ ಒತ್ತಿದರು. ತುಪ್ಪದಲ್ಲಿ ಇಳಿದಂತೆ ಇಳಿಯಿತು. ಸೆರಗಿಗೆ ಕೈ ಒರೆಸಿಕೊಂಡು ಟೀ ಕುಡಿಯಲು ಎಲ್ಲರಿಗಿಂತ ಮುಂದೆ ಹೋಗಿ ನಿಂತರು.

ಮೇಷ್ಟ್ರು ಗುಳಿಯನ್ನು ಕಂಡದ್ದು ಮರುದಿನ. ಕಂಡು ಬೆವೆತರು. ಆದರೆ ಕುಟುಂಬದ ಭಾಷಣ ಮಾಡಿ ಇನ್ನೂ ಒಂದು ದಿನ ಕಳೆದಿರಲಿಲ್ಲ. ಕೈ ಹಾಕಿದ್ದು ಯಾರೆಂದು ಯಾವ ಬಾಯಲ್ಲಿ ಕೇಳುವುದು? ಒಳಗಿನಿಂದ ತಳ್ಳೋಣವೆಂದರೆ ಮಣ್ಣು ಅಷ್ಟರಲ್ಲಿ ಬಿಗಿದಿತ್ತು, ಹೊಸದು ಮಾಡಲು ಅವರಿಗೂ ಸಮಯವಿರಲಿಲ್ಲ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವರ ಹಾಗೆ, ನುಂಗಲೂ ಆಗದೆ ಉಗುಳಲೂ ಆಗದೆ, ಹೂದಾನಿಯನ್ನು ಹಾಗೆಯೇ ಒಣಗಿಸಿ, ಹೊಳಪಿನ ನೀಲಿ ಗ್ಲೇಜ್ ಬಳಿದು ಸುಟ್ಟರು.

ಪ್ರದರ್ಶನದ ದಿನ ಜನರೆಲ್ಲ ಆ ಹೂದಾನಿಯ ಸುತ್ತಲೇ. ಗುಳಿಯೊಳಗೆ ನೀಲಿ ಬಣ್ಣ ಹರಿದು ನಿಂತು, ಪುಟ್ಟ ಕೊಳವಾಗಿಬಿಟ್ಟಿತ್ತು. ಕಲೆಯ ಬಗ್ಗೆ ಪತ್ರಿಕೆಯಲ್ಲಿ ಬರೆಯುವ ಹೆಂಗಸೊಬ್ಬರು ಕನ್ನಡಕ ಸರಿಮಾಡಿಕೊಂಡು ಕೇಳಿದರು, "ಇಷ್ಟು ನೆಟ್ಟಗಿರೋ ಹೂದಾನಿಗೆ ಇಂಥ ಒಂದು ಗುಳಿ ಇಡೋ ಧೈರ್ಯ ನಿಮಗೆ ಹೇಗೆ ಬಂತು?"

ಮೇಷ್ಟ್ರು ಗುಳಿಯ ಅಂಚನ್ನು ಬೆರಳಿನಿಂದ ಸವರಿದರು. ಆಮೇಲೆ ತಲೆ ಎತ್ತಿದರು. "ಇಪ್ಪತ್ತು ವರ್ಷ ಬೇಕಾಯ್ತು ಮೇಡಂ, ಆ ಒಂದು ಗುಳಿಗೆ."

"ಕೈ ಅಂದ್ರೆ ಇದು ಕಣ್ರೀ!" ಎಂದು ಮ್ಯಾನೇಜರರು ಟೈಲರಮ್ಮನ ಕಿವಿಯ ಹತ್ತಿರ ಉದ್ಗರಿಸಿದರು. ನೆಟ್ಟಗಿನ ಹೂಜಿ, ಅದರ ಪಕ್ಕದ ಹೆಸರಿನ ಚೀಟಿ, ಎರಡರ ನಡುವೆ ನಿಂತಿದ್ದ ಟೈಲರಮ್ಮನಿಗೆ ಹೊಟ್ಟೆಯೂ ಉರಿಯಿತು, ನಗುವೂ ಬಂತು. ಆ ಇಡೀ ಪ್ರದರ್ಶನದಲ್ಲಿ ಬೇರೆ ಯಾರೂ ಕೈ ಹಾಕದ, ಪೂರ್ತಿ ತನ್ನದೇ ಆದದ್ದು ಒಂದಿದೆ. ಅದೂ ಮೇಷ್ಟ್ರ ಹೆಸರಿನಲ್ಲಿದೆ. ಹೇಳಿಬಿಡಲೇ ಎಂದು ಬಾಯಿ ತೆರೆದರು. ಅಷ್ಟರಲ್ಲಿ ಯಾರೋ ಫೋಟೋ ತೆಗೆಯಲು "ಸ್ವಲ್ಪ ಆ ಕಡೆ ಸರೀರಿ" ಅಂದರು. ಸರಿದರು.

ಮುಂದಿನ ಶನಿವಾರ ಮೇಷ್ಟ್ರು ಎಲ್ಲರ ಮುಂದೆಯೂ ಒಂದೊಂದು ಹಸಿ ಬಟ್ಟಲಿಟ್ಟು, ಇವತ್ತಿನ ಪಾಠ ಗುಳಿ ಎಂದು ಸಾರಿದರು. ಮ್ಯಾನೇಜರರು ಸ್ಕೇಲಿನಿಂದ ಅಳೆದು ನಡುಮಧ್ಯಕ್ಕೆ ಗುರುತು ಹಾಕಿಕೊಂಡರು. ನರ್ಸಕ್ಕ ಇಂಜೆಕ್ಷನ್ ಕೊಡುವ ಹಾಗೆ ಉಸಿರು ಬಿಗಿಹಿಡಿದಳು. ಟೈಲರಮ್ಮ ಏನೂ ಯೋಚಿಸಲಿಲ್ಲ, ಹೆಬ್ಬೆರಳಿಟ್ಟು ಒತ್ತಿದರು.

ಮೇಷ್ಟ್ರು ಸಾಲಾಗಿ ನೋಡುತ್ತಾ ಬಂದು ಅವರ ಬಟ್ಟಲಿನ ಮುಂದೆ ನಿಂತರು. ಹತ್ತಿರದಿಂದ ನೋಡಿದರು, ದೂರದಿಂದ ನೋಡಿದರು, ತಲೆ ಅಲ್ಲಾಡಿಸಿದರು.

"ಇಲ್ಲಮ್ಮಾ. ಇದರಲ್ಲಿ ಜೀವ ಇಲ್ಲ."

ಒಳಗಿನಿಂದ ತಳ್ಳಿ ಗುಳಿಯನ್ನು ಸಮ ಮಾಡಿದರು. ಆಮೇಲೆ ಟೈಲರಮ್ಮನ ಹೆಬ್ಬೆರಳನ್ನು ಮೆಲ್ಲಗೆ ಹಿಡಿದು, ಮಗುವಿಗೆ ಅಕ್ಷರ ತಿದ್ದಿಸುವವರ ಹಾಗೆ ಮಣ್ಣಿನ ಮೇಲಿಟ್ಟರು.

"ಹಾಗಲ್ಲ, ನೋಡಿ. ಹೀಗೆ."