ಹಳದಿ ಅಕ್ಷರದ ಕಾಕಾ

ಮೊನ್ನೆ ಡೆಲ್ಫ್ಟ್‌ನ ಹಳೆ ಸಾಮಾನಿನ ಅಂಗಡಿಯಲ್ಲಿ ಒಂದು ಮೋಡೆಮ್ ಎತ್ತಿ ಮೂಸಿದೆ; ಅದೇ ರಬ್ಬರಿನ ವಾಸನೆ.

ಅಪ್ಪ ಫೋನಿನ ರಿಸೀವರನ್ನು ಅಂಥದೇ ಮೋಡೆಮ್‌ನ ಎರಡು ರಬ್ಬರ್ ಬಟ್ಟಲುಗಳಲ್ಲಿ ಒತ್ತಿ ಕೂರಿಸುತ್ತಿದ್ದರು. ಅದು ಕೀರಲು ದನಿಯಲ್ಲಿ ಚೀರಿದ ಮೇಲೆ ಟಿವಿಯ ಪರದೆಯಲ್ಲಿ, ಫೋನಿನ ತಂತಿಯಲ್ಲಿ ಬಂದ ಸಂದೇಶದ ಅಕ್ಷರಗಳು ಒಂದೊಂದಾಗಿ ಮೂಡುತ್ತಿದ್ದವು. ಹತ್ತಿರದ ವೂರ್‌ಬರ್ಗ್ ಊರಿನಲ್ಲಿ, ನಮ್ಮಂತೆ ಪರದೇಶಕ್ಕೆ ಬಂದಿದ್ದ ಅಪ್ಪನ ಗೆಳೆಯ ಶಂಕರ ಕಾಕಾ, ಅವರ ಹೆಂಡತಿ ಕಾಕು ಇಬ್ಬರೇ ಇದ್ದರು. ಅವರ ಮನೆಯಲ್ಲೂ ಅಂಥದೊಂದಿತ್ತು. ಪ್ರತಿ ಮಧ್ಯಾಹ್ನ ಕಾಕಾನ ಹೆಸರಿನ ಕೆಳಗೆ, ಇಂಗ್ಲಿಷ್ ಲಿಪಿಯ ಹಳದಿ ಅಕ್ಷರಗಳಲ್ಲಿ, ಒಂದೇ ಪ್ರಶ್ನೆ ಬರುತ್ತಿತ್ತು: 'ಊಟ ಆತೇನು?'

ಕಾಕಾ ತೀರಿಕೊಂಡ ಮೂರನೆಯ ಮಧ್ಯಾಹ್ನ ಅಪ್ಪ ರೂಢಿಯಂತೆ ಮೋಡೆಮ್ ಹಚ್ಚಿದರು. ಕಾಕಾನ ಹೆಸರು ಬಂತು. ಅದರ ಕೆಳಗೆ ಹಳದಿ ಅಕ್ಷರಗಳು ಮೆಲ್ಲಗೆ ಮೂಡಿದವು. 'ಊಟ ಆತೇನು?'

ಅಪ್ಪನ ಬೆರಳುಗಳು ಕೀಲಿಗಳ ಮೇಲೆ ಹಾಗೇ ನಿಂತವು. "ಹಳೇದು ಉಳದಿರಬೇಕು," ಎಂದರು.

"ಇಲ್ರೀ, ಇವತ್ತಿನ ತಾರೀಖು ಐತಿ," ಎಂದಳು ಅವ್ವ. ಬಹಳ ಹೊತ್ತು ಪರದೆ ನೋಡಿ, ಅಡಿಗೆಮನೆಗೆ ಹೋಗಿ ಡಬ್ಬಿಗೆ ಬಿಸಿ ಅನ್ನ, ಸಾರು ತುಂಬಿದಳು.

"ಯಾರಿಗವ್ವಾ?" ಎಂದೆ.

"ಕಾಕಾನ ಮನಿಗೆ. ಸೂತಕದ ಮನ್ಯಾಗ ಒಲಿ ಹಚ್ಚಂಗಿಲ್ಲ. ಊರಾಗಾದ್ರ ಓಣಿಯವ್ರು ಒಯ್ದು ಕೊಡ್ತಿದ್ರು. ಮೂರು ದಿನ ಆತು, ನಮಗ ಹೊಳೀಲೇ ಇಲ್ಲ ನೋಡು."

ಟ್ರಾಮ್ ಹತ್ತಿ ಹೋದ ಅವ್ವ ಸಂಜೆ ಮರಳಿದಳು. ಡಬ್ಬಿ ತೊಳೆದಿತ್ತು. "ಕಾಕು ಒಂದಗಳೂ ಬಿಡಲಿಲ್ಲ," ಎಂದು ಅಪ್ಪನಿಗೆ ಹೇಳಿ ಕಣ್ಣೊರೆಸಿಕೊಂಡಳು.

ನಾನು ನನ್ನ ತಟ್ಟೆಯ ಅರ್ಧ ಅನ್ನವನ್ನು ಕಾಕಾನಿಗೆಂದು ಆರಿದ ಟಿವಿಯ ಮುಂದಿಟ್ಟೆ. ಆಮೇಲೆ ಅದಕ್ಕೆ ಬೆನ್ನು ತೋರಿಸದೆ, ಹಿಂದಹಿಂದಕ್ಕೆ ನಡೆದು ಬಾಗಿಲು ದಾಟಿದೆ.