ಫ್ರೇಜ್ ಓದಿದ ಹೆಜ್ಜೆ

ಹಿಂದಿನ ದಿನ ಯಾರೋ ನಾಲ್ಕು ಹಸಿ ಜಾಲಿ ಮರಗಳ ಬುಡಕ್ಕೆ ಕೊಡಲಿ ಹಾಕಿದ್ದರು. ಒಂದು ಕಡ್ಡಿಯನ್ನೂ ಒಯ್ದಿರಲಿಲ್ಲ. ಬೇಸಿಗೆಯುದ್ದಕ್ಕೂ ಕಾಯಿ ಉದುರಿಸಿ ಕಣಿವೆಯ ಆಡುಗಳನ್ನು ಸಾಕಿದ ಮರಗಳು.

"ಇದು ಮೇಲಿನ ಬಿಡಾರದವರ ಹೊಟ್ಟೆಕಿಚ್ಚು," ಎಂದ ಕೆಳಗಿನ ಬಿಡಾರದ ಹಿರಿಯ ಸಿಲ್ಮಿ.

"ನೀವೇ ಕಡಿದು ನಮ್ಮ ತಲೆಗೆ ಕಟ್ತೀರಾ?" ಎಂದರು ಮೇಲಿನವರು.

ಬಂದೂಕುಗಳು ಹೆಗಲಿನಿಂದ ಕೈಗಿಳಿದವು. ಮರಳಿನಲ್ಲಿ ಹೆಜ್ಜೆ ಓದಿ ಆಳನ್ನು ಗುರುತಿಸುವ ಫ್ರೇಜ್ ಬರುವವರೆಗೆ ತಡೆಯುವುದೆಂದು ಮಾತಾಯಿತು. ಸಿನಾಯಿಯ ಈ ಕಣಿವೆಗಳಲ್ಲಿ ಅವನು ಹೆಸರಿಸಿದವನೇ ತಪ್ಪಿತಸ್ಥ. ಹಸಿ ಮರ ಕಡಿದವನಿಗೆ ಮೂರು ವರ್ಷ ಇಲ್ಲಿನ ಬಾವಿಯೂ ಇಲ್ಲ, ನೆರಳೂ ಇಲ್ಲ.

ಫ್ರೇಜ್ ಕೂತಿದ್ದ ಒಂಟೆಯನ್ನು ಅವನ ಮಗ ಅತ್ವಾ, ಕಡಿದ ಮರಗಳ ಬುಡದವರೆಗೂ ನಡೆಸಿಕೊಂಡು ಬಂದ. ತಿಂಗಳುಗಟ್ಟಲೆ ಕಡಲಲ್ಲಿ ಮೀನು ಹಿಡಿದು ಮಗ ಊರಿಗೆ ಮರಳಿದ್ದು ಆ ಬೆಳಿಗ್ಗೆಯಷ್ಟೇ. ಗಾಳಿ ಗುಡಿಸಿ, ಆಡು ತುಳಿದ ಮರಳಿನಲ್ಲಿ ಅತ್ವಾನಿಗೆ ಏನೂ ತಿಳಿಯಲಿಲ್ಲ. ಫ್ರೇಜ್ ಮಂಡಿಯೂರಿ ಅಂಗೈ ಆಡಿಸಿದ. ಬಹಳ ಹೊತ್ತು.

"ಏನಯ್ಯಾ, ನೆಲದ ಜೊತೆ ಸಂಸಾರ ಮಾಡ್ತಿದ್ದೀಯಾ?" ಸಿಲ್ಮಿ ಕೆಣಕಿದ. "ನಮ್ಮ ಹುಡುಗರ ಬೆರಳು ತಡೀತಿಲ್ಲ."

"ಚಹಾ ಕೊಡು. ಬೆರಳಿಗೆ ಕೆಲಸ ಸಿಗತ್ತೆ."

ಸಿಲ್ಮಿ ನಗಲಿಲ್ಲ. ಯಾರೋ ಬಂದೂಕಿಗೆ ಗುಂಡು ತುಂಬಿದ ಸದ್ದಾಯಿತು. ಫ್ರೇಜ್ ಎದ್ದು ನಿಂತ.

"ಕಡಿದವನು ನನ್ನ ಮಗ. ಅತ್ವಾ."

ಅತ್ವಾ ನಕ್ಕೇಬಿಟ್ಟ. ಅಪ್ಪನ ಮುಖ ನೋಡಿ ನಗು ಇಂಗಿತು. "ಅಪ್ಪಾ! ನಿನ್ನೆಯೆಲ್ಲ ನಾನು ದೋಣೀಲಿದ್ದೆ!"

"ಜೊತೆಗೆ ಯಾರಿದ್ರು?" ಎಂದ ಸಿಲ್ಮಿ.

"ಯಾರೂ ಇಲ್ಲ."

"ಮೀನುಗಳನ್ನ ಸಾಕ್ಷಿಗೆ ಕರೆಸೋಣವೇನೋ?"

ಬಂದೂಕುಗಳು ಕೈಯಿಂದ ಮತ್ತೆ ಹೆಗಲಿಗೆ ಮರಳಿದವು. ಹೆತ್ತ ಮಗನನ್ನೂ ಬಿಡದ ನ್ಯಾಯವಂತ ಎಂದು ಮೇಲಿನ ಬಿಡಾರದ ಮುದುಕನೊಬ್ಬ ಫ್ರೇಜ್‌ನ ಹಣೆಗೆ ಮುತ್ತಿಟ್ಟ.

ಸೂರ್ಯ ಮುಳುಗುವುದರೊಳಗೆ ಕಣಿವೆ ಬಿಡಬೇಕಿತ್ತು. ಅತ್ವಾ ಗುಡಾರ ಬಿಚ್ಚಿ, ತುಂಬುಬಸುರಿ ಹೆಂಡತಿಯನ್ನು ಒಂಟೆಯ ಮೇಲೆ ಕೂರಿಸಿದ. ಅಪ್ಪ ಬಂದು ದೂರದಲ್ಲೇ ನಿಂತ.

"ಯಾರನ್ನ ಉಳಿಸೋಕೆ ನನ್ನ ಬಲಿ ಕೊಟ್ಟೆ? ಈಗಲಾದ್ರೂ ಹೇಳು. ಆ ಹೆಜ್ಜೆ ಯಾರದು?"

ಫ್ರೇಜ್ ದನಿ ಬಂದತ್ತ ಮುಖ ತಿರುಗಿಸಿದ.

"ಗೊತ್ತಿಲ್ಲ ಮಗಾ. ಹೋದ ಚಳಿಗಾಲದಿಂದ ನನಗೆ ನೆಲವೇ ಕಾಣ್ತಿಲ್ಲ. ಬೇರೆಯವರ ಮಗನ ಹೆಸರು ಹೇಗೆ ಹೇಳಲಿ?"